ಶತ್ರು ನೆಲದಲ್ಲಿ ವಿಮಾನ ಬಿದ್ದ ಮೇಲೆ ಒಳಗಿದ್ದವರ ಗತಿ ಏನಾಗುತ್ತಿತ್ತು?

ದಂಡಿನದಾರಿ ಕೇಳಿದ್ದು:

ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಸೇನೆಯ ಬಾಂಬು ದಾಳಿ ವಿಭಾಗವಾದ ಬಾಂಬರ್ ಕಮಾಂಡ್‌ನಲ್ಲಿ ಹಾರಿದವರು ಸುಮಾರು 1,25,000 ಮಂದಿ. ಅವರಲ್ಲಿ 55,573 ಜನ ಸತ್ತರು, ಸೆರೆಯಾದವರು 9,838. ಈ ಎರಡು ಸಂಖ್ಯೆಗಳ ನಡುವಿನ ಅಂತರ ನೋಡಿದಾಗಿನಿಂದ ತಲೆಯಲ್ಲಿ ಪ್ರಶ್ನೆಗಳು. ಎಲ್ಲರಿಗೂ ಪ್ಯಾರಾಶೂಟ್ ಕೊಟ್ಟಿದ್ದರೂ ಹೊರಗೆ ಬಂದವರು ಇಷ್ಟು ಕಡಿಮೆ ಯಾಕೆ? ಫ್ರಾನ್ಸ್, ಬೆಲ್ಜಿಯಂ, ಹಾಲೆಂಡ್‌ನಲ್ಲಿ ಇಳಿದವರು ಮೊದಲ ಒಂದೆರಡು ದಿನ ಏನು ಮಾಡುತ್ತಿದ್ದರು? ಇಂಗ್ಲೆಂಡಿಗೆ ವಾಪಸ್ ಹೋದವರು ಯಾವ ದಾರಿಯಲ್ಲಿ ಹೋದರು? ಸಿಕ್ಕಿಬಿದ್ದವರಿಗೆ ಯುದ್ಧಕೈದಿಗಳ ಕುರಿತ ಜಿನೀವಾ ಒಪ್ಪಂದದ ರಕ್ಷಣೆ ಇತ್ತು ಅಂತಲೂ ಓದಿದ್ದೇನೆ, ಹಳ್ಳಿಯ ಜನ ಹೊಡೆದು ಕೊಂದರು ಅಂತಲೂ ಓದಿದ್ದೇನೆ. ಎರಡರಲ್ಲಿ ಯಾವುದು ಸರಿ? ಸಿನಿಮಾದ ಸುರಂಗಗಳು ಬೇಡ, ನಿಜವಾಗಿ ಹೇಗೆ ನಡೆಯುತ್ತಿತ್ತು ಅನ್ನುವುದು ಬೇಕು.

---

ರೆಕ್ಕೆಬಡಿತ ಉತ್ತರ:

ಮೊದಲ ಪ್ರಶ್ನೆಗೆ ನಾನು ಹೇಳುತ್ತೇನೆ. ಉತ್ತರ ವಿಮಾನದ ರಚನೆಯಲ್ಲೇ ಇದೆ.

ಬ್ರಿಟಿಷರ ಭಾರೀ ಬಾಂಬರ್ ಲ್ಯಾಂಕಾಸ್ಟರ್ ತಗೊಳ್ಳಿ. ಏಳು ಜನ. ಹೊರಗೆ ಜಿಗಿಯಲು ಮುಖ್ಯ ದಾರಿ ಅಂದರೆ ಮೂತಿಯ ಭಾಗದಲ್ಲಿ, ಬಾಂಬ್ ಗುರಿ ಹಿಡಿಯುವವನು ಮಲಗುವ ಜಾಗದ ಕೆಳಗಿದ್ದ ಒಂದು ತಳಬಾಗಿಲು. ಅದರ ಅಗಲ 22 ಇಂಚು. ಇನ್ನೊಂದು ಬ್ರಿಟಿಷ್ ಬಾಂಬರ್ ಹ್ಯಾಲಿಫ್ಯಾಕ್ಸ್‌ನಲ್ಲಿ ಅದೇ ಬಾಗಿಲು 24 ಇಂಚು. ಎರಡು ಇಂಚಿನಲ್ಲಿ ಏನಿದೆ ಅನ್ನಿಸಬಹುದು. ದಪ್ಪ ಉಣ್ಣೆಯ ಉಡುಪು, ಗಾಳಿ ತುಂಬುವ ಜೀವರಕ್ಷಕ ಜಾಕೆಟ್, ಎದೆಗೆ ಸಿಕ್ಕಿಸಿಕೊಂಡ ಪ್ಯಾರಾಶೂಟ್ ಗಂಟು, ಇಷ್ಟೆಲ್ಲ ಹೊತ್ತವನು ಗಿರಕಿ ಹೊಡೆಯುತ್ತಿರುವ ವಿಮಾನದಲ್ಲಿ, ಕತ್ತಲಲ್ಲಿ, ಆ ಕಿಂಡಿಯಲ್ಲಿ ತೂರಬೇಕು. ಬಾಂಬರ್ ಕಮಾಂಡ್‌ನ ಸಂಶೋಧನಾ ವಿಭಾಗದಲ್ಲಿ ಆಗ ಕೆಲಸ ಮಾಡುತ್ತಿದ್ದ ಫ್ರೀಮನ್ ಡೈಸನ್ ದಾಖಲಿಸಿದಂತೆ, ಹೊಡೆತ ತಿಂದು ಬಿದ್ದ ಅಮೆರಿಕನ್ ಬಾಂಬರ್‌ಗಳಿಂದ ಸುಮಾರು ಅರ್ಧದಷ್ಟು ಜನ ಜೀವಂತ ಹೊರಬರುತ್ತಿದ್ದರು, ಹ್ಯಾಲಿಫ್ಯಾಕ್ಸ್, ಸ್ಟರ್ಲಿಂಗ್‌ಗಳಿಂದ ನೂರಕ್ಕೆ ಸುಮಾರು 25, ಲ್ಯಾಂಕಾಸ್ಟರ್‌ನಿಂದ 15. ಬಾಗಿಲು ದೊಡ್ಡದು ಮಾಡಿ ಎಂದು ಅಲ್ಲಿಯವರೇ ಹೋರಾಡಿದರು. ಒಪ್ಪಿಗೆ ಬಂದು ಕೆಲಸ ಆಗುವಷ್ಟರಲ್ಲಿ ಯುದ್ಧವೇ ಮುಗಿಯಿತು. ಹೆಚ್ಚು ಎತ್ತರ, ಹೆಚ್ಚು ಬಾಂಬು ಹೊರುವ ಒಳ್ಳೆಯ ವಿಮಾನ ಎಂದು ಹೊಗಳುವವರು ಈ ಅಂಕಿಯನ್ನೂ ಅದರ ಪಕ್ಕದಲ್ಲೇ ಇಟ್ಟು ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಇನ್ನು ಯಾರು ಎಲ್ಲಿ ಕೂತಿದ್ದರು ಅನ್ನುವುದೂ ಮುಖ್ಯ. ಬಾಂಬ್ ಗುರಿ ಹಿಡಿಯುವವನು ಬಾಗಿಲ ಮೇಲೇ ಮಲಗಿರುತ್ತಿದ್ದ, ಅವನಿಗೆ ಅವಕಾಶ ಹೆಚ್ಚು. ಪೈಲಟ್ ಪ್ಯಾರಾಶೂಟ್ ಮೇಲೆಯೇ ಕೂತಿರುತ್ತಿದ್ದ, ಆದರೆ ಉಳಿದವರು ಹೋಗುವವರೆಗೆ ವಿಮಾನವನ್ನು ನೇರವಾಗಿ ಹಿಡಿದಿರಬೇಕಾದವನು ಅವನೇ. ಎಷ್ಟೋ ಸಲ ಕೊನೆಗೆ ಅವನಿಗೇ ಸಮಯ ಉಳಿಯುತ್ತಿರಲಿಲ್ಲ. ವೈರ್‌ಲೆಸ್ ಆಪರೇಟರ್ ಮತ್ತು ನಡುಗೋಪುರದ ಗನ್ನರ್ ರೆಕ್ಕೆಗಳನ್ನು ಹಿಡಿದಿಟ್ಟ ಮುಖ್ಯ ತೊಲೆಯ ಆಚೆಗೋ ಈಚೆಗೋ ಸಿಕ್ಕಿಹಾಕಿಕೊಳ್ಳುತ್ತಿದ್ದರು; ಅದು ಹೊಟ್ಟೆಯ ಎತ್ತರಕ್ಕೆ ಅಡ್ಡ ಬರುತ್ತಿತ್ತು, ಹತ್ತಿ ದಾಟಬೇಕು. ಹಿಂದಿನ ಬಲಬದಿಯ ಬಾಗಿಲಿನಿಂದ ಜಿಗಿದರೆ ಬಾಲದ ರೆಕ್ಕೆಗೆ ಬಡಿಯುವ ಅಪಾಯ.

ಹಿಂಬದಿಯ ಗನ್ನರ್‌ನದು ಬೇರೆಯೇ ಸಂಕಟ. ಅವನ ಗೂಡಿನೊಳಗೆ ಪ್ಯಾರಾಶೂಟ್‌ಗೆ ಜಾಗವಿಲ್ಲ. ಅದನ್ನು ಬೆನ್ನ ಹಿಂದೆ, ವಿಮಾನದ ಒಡಲಿನಲ್ಲಿ ತೂಗುಹಾಕಿರುತ್ತಿದ್ದರು. ಗೂಡನ್ನು ನೇರಕ್ಕೆ ತಿರುಗಿಸಿ, ಹಿಂದಿನ ಬಾಗಿಲು ಸರಿಸಿ, ಕೈ ಚಾಚಿ ಪ್ಯಾರಾಶೂಟ್ ಎಳೆದುಕೊಂಡು ಎದೆಗೆ ಸಿಕ್ಕಿಸಿ, ಮತ್ತೆ ಗೂಡನ್ನು ಪಕ್ಕಕ್ಕೆ ತಿರುಗಿಸಿ, ಬೆನ್ನು ಮುಂದಾಗಿ ಹೊರಗೆ ಬೀಳಬೇಕು. ಗೂಡು ತಿರುಗುವುದು ಹೈಡ್ರಾಲಿಕ್ ಒತ್ತಡದಿಂದ, ಆ ಒತ್ತಡ ಬರುವುದು ಎಂಜಿನ್ನಿನಿಂದ. ಎಂಜಿನ್‌ಗೆ ಬೆಂಕಿ ಬಿದ್ದರೆ ಕೈಯಿಂದ ಹಿಡಿ ತಿರುಗಿಸುತ್ತಾ ಕೂರಬೇಕು. ಪ್ಯಾರಾಶೂಟೇ ಸುಟ್ಟುಹೋಗಿದ್ದ ಉದಾಹರಣೆಗಳೂ ಇವೆ.

20,000 ಅಡಿಯಲ್ಲಿ ಆಮ್ಲಜನಕದ ಕೊಳವೆ ಕಿತ್ತುಕೊಂಡ ಕ್ಷಣದಿಂದ ಬುದ್ಧಿ ಮಂಕಾಗಲು ಶುರುವಾಗುತ್ತದೆ ಅನ್ನುವುದನ್ನೂ ಸೇರಿಸಿಕೊಳ್ಳಿ. ತೀರಾ ಕೆಳಗಿದ್ದರೆ ಪ್ಯಾರಾಶೂಟ್ ಅರಳಲು ಎತ್ತರವೇ ಸಾಲದು.

---

ನಕ್ಷೆಗಾರ ಉತ್ತರ:

ರೆಕ್ಕೆಬಡಿತ ಅವರು ಹೇಳಿದ್ದರ ಮುಂದಿನ ಭಾಗ ನಾನು ಬರೆಯುತ್ತೇನೆ: ಕಾಲು ನೆಲ ಮುಟ್ಟಿದ ಮೇಲೆ.

ಬ್ರಿಟನ್ನಿನಲ್ಲಿ ಎಂಐ9 ಎಂಬ ಗುಪ್ತ ವಿಭಾಗವನ್ನು 1939ರ ಡಿಸೆಂಬರ್‌ನಲ್ಲಿ ನಾರ್ಮನ್ ಕ್ರಾಕೆಟ್ ಕೈಕೆಳಗೆ ಶುರುಮಾಡಿದರು. ಅದರ ಕೆಲಸವೇ ಇದು: ಬಿದ್ದವರು ತಪ್ಪಿಸಿಕೊಳ್ಳುವಂತೆ, ಸಿಕ್ಕಿಬಿದ್ದವರು ಓಡಿಬರುವಂತೆ ತಯಾರು ಮಾಡುವುದು. ಸಲಕರಣೆ ರೂಪಿಸಿದವರು ಕ್ರಿಸ್ಟೋಫರ್ ಕ್ಲೇಟನ್ ಹಟನ್. ಹಾರುವ ಮುಂಚೆ ಪ್ರತಿಯೊಬ್ಬನಿಗೂ ಜೇಬಿನಲ್ಲಿ ಹಿಡಿಸುವ ಒಂದು ಪ್ಲಾಸ್ಟಿಕ್ ಡಬ್ಬಿ, ಒಂದು ಹಣದ ಚೀಲ. ಡಬ್ಬಿಯಲ್ಲಿ ಹಾರ್ಲಿಕ್ಸ್ ಮಾತ್ರೆ, ಸಕ್ಕರೆ ಮಿಠಾಯಿ, ಬೆಂಕಿಕಡ್ಡಿ, ದಣಿವು ತಡೆಯುವ ಬೆಂಜೆಡ್ರಿನ್ ಮಾತ್ರೆ, ನೀರು ತುಂಬಲು ರಬ್ಬರ್ ಚೀಲ, ನೀರು ಶುದ್ಧಿಗೆ ಹ್ಯಾಲಜೋನ್ ಮಾತ್ರೆ, ಪುಟ್ಟ ದಿಕ್ಸೂಚಿ. ಹ್ಯಾಲಜೋನ್ ಹಾಕಿದ ಮೇಲೆ ಅರ್ಧ ಗಂಟೆ ಬಿಟ್ಟು ಕುಡಿಯಬೇಕು. ಬಾಯಾರಿದವರು ಕಾಯದೆ ಕುಡಿದು ಹೊಟ್ಟೆ ಕೆಡಿಸಿಕೊಳ್ಳುವುದು ಇದ್ದದ್ದೇ. ಬೆಂಜೆಡ್ರಿನ್ ಇನ್ನೂ ಅಪಾಯದ್ದು. ಅದರ ಬಲ ಇಳಿದಾಗ ಮನುಷ್ಯ ಇದ್ದಲ್ಲೇ ಕುಸಿಯುತ್ತಾನೆ. ಆದ್ದರಿಂದ ಅಡಗಲು ಜಾಗ ಕಣ್ಣಿಗೆ ಕಂಡ ಮೇಲೆ, ಅಲ್ಲಿಯವರೆಗೆ ಮುಟ್ಟಲು ಮಾತ್ರ ಅದನ್ನು ನುಂಗಬೇಕು.

ಚೀಲದಲ್ಲಿ ಹಾರುವ ದಾರಿಗೆ ತಕ್ಕ ನೋಟುಗಳು, ಫ್ರಾನ್ಸ್ ಆದರೆ ಸುಮಾರು 2,000 ಫ್ರಾಂಕ್, ಜೊತೆಗೆ ರೇಷ್ಮೆ ಬಟ್ಟೆಯ ಮೇಲೆ ಅಚ್ಚು ಹಾಕಿದ ನಕ್ಷೆ. ರೇಷ್ಮೆ ಯಾಕೆ? ಮಡಿಸಿದರೆ ಸದ್ದಾಗುವುದಿಲ್ಲ, ನೆನೆದರೂ ಹಾಳಾಗುವುದಿಲ್ಲ, ಬಟ್ಟೆಯ ಅಂಚಿನೊಳಗೆ ಹೊಲಿಯಬಹುದು. ಬಣ್ಣ ಹರಡದಂತೆ ಶಾಯಿಗೆ ಪೆಕ್ಟಿನ್ ಬೆರೆಸುತ್ತಿದ್ದರು. ಆದರೆ ಅವು ಇಡೀ ದೇಶ ತೋರಿಸುವ ಸಣ್ಣ ಅಳತೆಯ ನಕ್ಷೆಗಳು. ಹಳ್ಳಿಯೂ ಕಾಣದು, ಕಾಲುದಾರಿಯೂ ಕಾಣದು. ದಿಕ್ಕು ಹಿಡಿಯಲು ಸಾಕು, ಇವತ್ತು ರಾತ್ರಿ ಯಾವ ಸೇತುವೆ ಎಂದು ತಿಳಿಯಲು ಸಾಲದು. ಅಂಗಿ ಗುಂಡಿಯೊಳಗೂ ದಿಕ್ಸೂಚಿ ಅಡಗಿಸಿದ್ದರು. ಅದರ ತಿರುಪು ಮಾಮೂಲಿಗೆ ಉಲ್ಟಾ. ಅನುಮಾನದಿಂದ ತಿರುಗಿಸಿ ನೋಡುವ ಕಾವಲುಗಾರನಿಗೆ ಅದು ಇನ್ನಷ್ಟು ಬಿಗಿಯಾಗುತ್ತಿತ್ತು.

ಬೂಟು ಇಡೀ ಕಥೆಯಲ್ಲಿ ಬಹಳ ಮುಖ್ಯ, ಯಾರೂ ಮಾತಾಡುವುದಿಲ್ಲ. ಹಳೆಯ ಕುರಿಚರ್ಮದ ಬೂಟುಗಳು ಸಡಿಲ. ಪ್ಯಾರಾಶೂಟ್ ಅರಳುವಾಗಿನ ಜಗ್ಗಿಗೆ ಕಾಲಿನಿಂದ ಕಿತ್ತುಕೊಂಡು ಹೋಗುತ್ತಿದ್ದವು. ನೆಲಕ್ಕಿಳಿದಾಗ ಬರೀ ಕಾಲುಚೀಲ. ಉಳಿದರೂ ಅದನ್ನು ಹಾಕಿಕೊಂಡು ಹತ್ತು ಮೈಲಿ ನಡೆದರೆ ಹಿಮ್ಮಡಿ ಬೊಬ್ಬೆ, ನೋಡಿದವರಿಗೆ ಗುರುತು ಬೇರೆ. 1943ರಲ್ಲಿ ಬಂದ ಬೂಟಿನಲ್ಲಿ ಕೆಳಭಾಗ ಲೇಸು ಕಟ್ಟುವ ಸಾಧಾರಣ ಕಪ್ಪು ಶೂ. ಒಳಗೆ ಇಟ್ಟಿದ್ದ ಪುಟ್ಟ ಚಾಕುವಿನಿಂದ ಮೇಲಿನ ಕೊಳವೆ ಕತ್ತರಿಸಿದರೆ ಸಾಕು.

ಮೊದಲ ಗಂಟೆಯ ಕೆಲಸ: ಪ್ಯಾರಾಶೂಟ್, ಜೀವರಕ್ಷಕ ಜಾಕೆಟ್ ಎರಡನ್ನೂ ಹೂಳಬೇಕು ಅಥವಾ ಪೊದೆಯೊಳಗೆ ತುರುಕಬೇಕು, ಸಿಕ್ಕಿದರೆ ಹುಡುಕುವವರಿಗೆ ಎಲ್ಲಿಂದ ಶುರುಮಾಡಬೇಕೆಂದು ಗೊತ್ತಾಗುತ್ತದೆ. ಆಮೇಲೆ ಉರಿಯುವ ವಿಮಾನದಿಂದ ದೂರ ಹೋಗಬೇಕು, ಯಾಕೆಂದರೆ ಜರ್ಮನ್ ಲಾರಿಗಳು ಬರುವುದು ಆ ಬೆಂಕಿಯ ಕಡೆಗೇ. ಇಲ್ಲಿ ಬ್ರಿಟಿಷರಿಗೂ ಅಮೆರಿಕನ್ನರಿಗೂ ದೊಡ್ಡ ವ್ಯತ್ಯಾಸ. ರಾತ್ರಿ ಬಿದ್ದ ಬ್ರಿಟಿಷ್ ಹುಡುಗನನ್ನು ಯಾರೂ ನೋಡಿರುತ್ತಿರಲಿಲ್ಲ, ಬೆಳಗಾಗುವವರೆಗೆ ಅವನಿಗೆ ಸಮಯ ಇತ್ತು. ಹಗಲು ಹಾರುವ ಅಮೆರಿಕನ್ನರ ಬಿಳಿ ಪ್ಯಾರಾಶೂಟನ್ನು ಇಡೀ ಊರೇ ನೋಡುತ್ತಿತ್ತು. ಆದರೆ ಸಹಾಯ ಮಾಡಬೇಕೆಂದಿದ್ದವರೂ ನೋಡಿರುತ್ತಿದ್ದರು. ಜರ್ಮನ್ನರಿಗಿಂತ ಮೊದಲು ಅವರು ಓಡಿಬಂದರೆ ಬಚಾವ್.

ಒಂದು ದಿನ ಅಲುಗಾಡದೆ ಅಡಗಿರುವುದು, ಆಮೇಲೆ ಊರಿನಿಂದ ಹೊರಗಿರುವ ಒಂಟಿ ಮನೆಯನ್ನು ದೂರದಿಂದ ಬಹಳ ಹೊತ್ತು ಗಮನಿಸುವುದು, ಟೆಲಿಫೋನ್ ತಂತಿ ಹೋಗದ ಬಡ ರೈತನ ಮನೆ ಆದರೆ ಒಳ್ಳೆಯದು, ಇಲ್ಲವೇ ಪಾದ್ರಿಯ ಮನೆ. ಒಬ್ಬರೇ ಇದ್ದಾಗ ಮಾತಾಡಿಸಬೇಕು. ಇಬ್ಬರಿದ್ದರೆ ಒಬ್ಬರಿಗೊಬ್ಬರು ಹೆದರಿ ಇಬ್ಬರೂ ಬಾಗಿಲು ಹಾಕುತ್ತಾರೆ. ಇದು ಬಹಳ ಸರಿಯಾದ ತಿಳುವಳಿಕೆ.

ಊರಿನ ಬಟ್ಟೆ ಸಿಕ್ಕ ಮೇಲೆ ರಾತ್ರಿ ನಡೆಯುವುದಕ್ಕಿಂತ ಹಗಲು ನಡೆಯುವುದೇ ವಾಸಿ. ಆಕ್ರಮಿತ ದೇಶಗಳಲ್ಲಿ ಕರ್ಫ್ಯೂ ಇತ್ತು. ರಾತ್ರಿ ರಸ್ತೆಯಲ್ಲಿ ಕಂಡವನೆಲ್ಲ ಅಪರಾಧಿ. ಹಾಲೆಂಡ್‌ನಲ್ಲಿ ಕಾಲುವೆಗಳ ಜಾಲ, ಸೇತುವೆ ಬಿಟ್ಟು ದಾಟಲು ಸಾಧ್ಯವಿಲ್ಲ, ಸೇತುವೆಯಲ್ಲಿ ಕಾವಲು. ಇನ್ನು ಗುರುತು ಬಿಟ್ಟುಕೊಡುವ ಅಭ್ಯಾಸಗಳು: ಬ್ರಿಟಿಷರು ಸೈಕಲ್ ಹತ್ತಿದ ತಕ್ಷಣ ಎಡಕ್ಕೆ ಹೋಗುವುದು, ಅಮೆರಿಕನ್ನರು ಮಾಂಸ ಕತ್ತರಿಸಿ ಫೋರ್ಕನ್ನು ಬಲಗೈಗೆ ಬದಲಿಸುವುದು, ಜೇಬಿಗೆ ಕೈ ಹಾಕಿ ಚಿಲ್ಲರೆ ಕುಲುಕುವುದು, ಬೀದಿಯಲ್ಲಿ ಚಾಕೊಲೇಟ್ ತಿನ್ನುವುದು, ಸಿಗರೇಟನ್ನು ಅರ್ಧಕ್ಕೇ ಎಸೆಯುವುದು. ತಂಬಾಕು ಸಿಗದ ದೇಶದಲ್ಲಿ ಅರ್ಧ ಸಿಗರೇಟು ಎಸೆಯುವವನು ಪರದೇಶದವನೇ.

---

ಹೊಳೆದಾಟು ಉತ್ತರ:

ಮೂರನೇ ಪ್ರಶ್ನೆಗೆ. ವಾಪಸ್ ಹೋದವರಲ್ಲಿ ಬಹುತೇಕರು ತಮ್ಮ ಜಾಣ್ಮೆಯಿಂದ ಮಾತ್ರ ಹೋದವರಲ್ಲ. ಅವರನ್ನು ಕೈಯಿಂದ ಕೈಗೆ ದಾಟಿಸಿದವರು ಸಾಮಾನ್ಯ ಜನ, ಅದರಲ್ಲೂ ಹೆಂಗಸರು, ಎಷ್ಟೋ ಕಡೆ ಇಪ್ಪತ್ತು ದಾಟದ ಹುಡುಗಿಯರು. ಈ ಚರ್ಚೆಗಳಲ್ಲಿ ಪೈಲಟ್‌ಗಳ ಹೆಸರು ಬರುವಷ್ಟು ಅವರ ಹೆಸರು ಬರುವುದಿಲ್ಲ. ಅದು ಅನ್ಯಾಯ.

ಬೆಲ್ಜಿಯಂನ ಆಂದ್ರೆ ದ ಜೋಂಗ್ ಎಂಬ 24 ವರ್ಷದ ಯುವತಿ, ಎಲ್ಲರ ಬಾಯಲ್ಲಿ ದೆದೆ, 1941ರಲ್ಲಿ ಕಟ್ಟಿದ ದಾರಿಗೆ ಆಮೇಲೆ ಕಾಮೆಟ್ ಲೈನ್ ಎಂದು ಹೆಸರಾಯಿತು. ಆ ವರ್ಷದ ಆಗಸ್ಟ್‌ನಲ್ಲಿ ಆಕೆ ಒಬ್ಬ ಬ್ರಿಟಿಷ್ ಸೈನಿಕ, ಇಬ್ಬರು ಬೆಲ್ಜಿಯನ್ನರ ಜೊತೆ ಸ್ಪೇನಿನ ಬಿಲ್ಬಾವೊ ಊರಿನ ಬ್ರಿಟಿಷ್ ಕಾನ್ಸುಲೇಟ್ ಬಾಗಿಲಲ್ಲಿ ನಿಂತಾಗ ಅಲ್ಲಿಯವರು ನಂಬಲೇ ಇಲ್ಲ. ಆಕೆ ಕೇಳಿದ್ದು ಖರ್ಚಿನ ಹಣ ಮಾತ್ರ. ದಾರಿ ನಡೆಸುವುದು ನಮ್ಮ ಕೈಯಲ್ಲೇ ಇರಬೇಕು ಎಂದು ಹಟ ಹಿಡಿದಳು.

ದಾರಿ ಹೀಗೆ: ಬ್ರಸೆಲ್ಸ್‌ನಿಂದ ರೈಲಿನಲ್ಲಿ ಪ್ಯಾರಿಸ್, ಅಲ್ಲಿಂದ ರಾತ್ರಿ ರೈಲಿನಲ್ಲಿ ಬಯೊನ್ ಅಥವಾ ಸೇಂಟ್ ಜಾನ್ ದ ಲೂಜ್, ಅಲ್ಲಿಂದ ಕಾಲ್ನಡಿಗೆಯಲ್ಲಿ ಪಿರೆನೀಸ್ ಬೆಟ್ಟದ ತಪ್ಪಲು ದಾಟಿ ಸ್ಪೇನ್, ಕೊನೆಗೆ ಬ್ರಿಟಿಷರ ಕೈಯಲ್ಲಿದ್ದ ಜಿಬ್ರಾಲ್ಟರ್. ರೈಲಿನಲ್ಲಿ ದಾರಿತೋರುವವಳು ಬೇರೆ ಸೀಟಿನಲ್ಲಿ. ಹಿಂಬಾಲಿಸುವವರು ಮಾತಾಡುವಂತಿಲ್ಲ, ನಿದ್ದೆ ಬಂದವರಂತೆ ಕೂರಬೇಕು, ಇಲ್ಲವೇ ಕಿವುಡು ಮೂಗರ ಕಾಗದ ತೋರಿಸಬೇಕು. ಗುರುತಿನ ಚೀಟಿಗೆ ಫೋಟೊ ಬೇಕಲ್ಲ, ಅದಕ್ಕೇ ಹಾರುವ ಮುಂಚೆ ನಾಗರಿಕ ಉಡುಪಿನಲ್ಲಿ ತೆಗೆಸಿದ ಫೋಟೊಗಳನ್ನು ಜೇಬಿನಲ್ಲಿಟ್ಟುಕೊಳ್ಳುತ್ತಿದ್ದರು. ಅಮೆರಿಕನ್ ನೆಲೆಗಳಲ್ಲಿ ಎಲ್ಲರಿಗೂ ಒಂದೇ ಕೋಟು ತೊಡಿಸಿ ಫೋಟೊ ತೆಗೆಯುತ್ತಿದ್ದುದರಿಂದ, ಸಿಕ್ಕಿಬಿದ್ದಾಗ ಆ ಕೋಟು ನೋಡಿಯೇ ಯಾವ ನೆಲೆಯವನು ಎಂದು ಜರ್ಮನ್ನರು ಹೇಳುತ್ತಿದ್ದರು.

ಅಡಗಿಸಿಟ್ಟವರ ಕಷ್ಟ ಲೆಕ್ಕ ಹಾಕಿ ನೋಡಿ. ಎಲ್ಲವೂ ಪಡಿತರ. ಹೆಚ್ಚುವರಿ ಇಬ್ಬರಿಗೆ ರೊಟ್ಟಿ, ಬೆಣ್ಣೆ, ಆಲೂಗೆಡ್ಡೆ ಎಂದರೆ ನಕಲಿ ಪಡಿತರ ಚೀಟಿ ಅಥವಾ ಕಾಳಸಂತೆ. ಎತ್ತರದ, ಅಗಲ ಮೈಕಟ್ಟಿನ ಹುಡುಗರಿಗೆ ಹೊಂದುವ ಪ್ಯಾಂಟು ಸಿಗದು, ಅಮೆರಿಕನ್ನರ ಪಾದಕ್ಕೆ ಶೂ ಅಂತೂ ಇಲ್ಲವೇ ಇಲ್ಲ. ಅಕ್ಕಪಕ್ಕದವರು ನೋಡಬಾರದು, ಗಾಯವಾಗಿದ್ದರೆ ನಂಬಿಕೆಯ ಡಾಕ್ಟರ್ ಬೇಕು.

ಬೆಟ್ಟದ ಕೊನೆಯ ಹಂತ ಉರುನ್ಯ ಹಳ್ಳಿಯ ತೋಟದಮನೆಯಿಂದ. ಕಳ್ಳಸಾಗಣೆಯಲ್ಲಿ ಪಳಗಿದ್ದ ಬಾಸ್ಕ್ ಜನಾಂಗದ ಫ್ಲೊರೆಂಟಿನೊ ಗೊಯ್ಕೊಯೆಚಿಯಾ ದಾರಿತೋರುವವನು. ಬೂಟು ಬಿಚ್ಚಿಸಿ ಹಗ್ಗದ ಅಟ್ಟೆಯ ಬಟ್ಟೆ ಚಪ್ಪಲಿ ಹಾಕಿಸುತ್ತಿದ್ದರು. ಒದ್ದೆ ಕಲ್ಲಿನ ಮೇಲೆ ಜಾರುವುದಿಲ್ಲ, ಸದ್ದೂ ಇಲ್ಲ. ನಡುರಾತ್ರಿ ಗಡಿಯ ಬಿದಾಸೊವಾ ನದಿ. ಪ್ಯಾಂಟು ಬಿಚ್ಚಿ ಕುತ್ತಿಗೆಗೆ ಸುತ್ತಿಕೊಂಡು, ಒಬ್ಬರನ್ನೊಬ್ಬರು ಹಿಡಿದು ದಾಟಬೇಕು. ಆಚೆ ದಡದಲ್ಲಿ ರೈಲುಹಳಿ, ರಸ್ತೆ, ಸ್ಪೇನಿನ ಗಡಿಪೊಲೀಸರ ಗಸ್ತು. ಮಳೆ ಬಂದು ನದಿ ಏರಿದರೆ ಸೇತುವೆಯ ಕಡೆಗೆ ಗಂಟೆಗಟ್ಟಲೆ ಸುತ್ತು. ಏರಿದ ಹೊಳೆಗೆ ಇಳಿದರೆ ಏನಾಗುತ್ತದೆ ಎಂಬುದಕ್ಕೆ 1943ರ ಡಿಸೆಂಬರ್ 23-24ರ ರಾತ್ರಿಯ ಘಟನೆಯೇ ಸಾಕ್ಷಿ: ಒಬ್ಬ ಅಮೆರಿಕನ್ ವಾಯುಯೋಧ, ಜೊತೆಗಿದ್ದ ಕಾಮೆಟ್ ಮುಖಂಡ ಆಂತ್ವಾನ್ ದ್ಯುರ್ಸೆಲ್, ಇಬ್ಬರೂ ಕೊಚ್ಚಿಹೋದರು. ಸ್ಪೇನ್ ಮುಟ್ಟಿದ ಮಾತ್ರಕ್ಕೆ ಮುಗಿಯಲಿಲ್ಲ. ಪೊಲೀಸರ ಕೈಗೆ ಸಿಕ್ಕರೆ ಮಿರಾಂದಾ ದ ಎಬ್ರೊ ಶಿಬಿರದಲ್ಲಿ ವಾರಗಟ್ಟಲೆ ಕೊಳೆಯಬೇಕಾಗಿತ್ತು.

ದೆದೆ ತಾನೇ ನಿಂತು ದಾಟಿಸಿದ್ದು 118 ಮಂದಿಯನ್ನು. 1943ರ ಜನವರಿ 15ರಂದು ಆಕೆ ಸಿಕ್ಕಿಬಿದ್ದಳು, ರಾವೆನ್ಸ್‌ಬ್ರುಕ್, ಮೌಟ್‌ಹೌಸನ್ ಎಂಬ ನಾಜಿ ಸೆರೆಶಿಬಿರಗಳನ್ನು ಕಂಡು ಬದುಕಿ ಬಂದಳು. ತಂದೆ ಫ್ರೆಡೆರಿಕ್ ದ ಜೋಂಗ್ ಅವರನ್ನು 1944ರ ಮಾರ್ಚ್ 28ರಂದು ಪ್ಯಾರಿಸ್ ಬಳಿ ಗುಂಡಿಟ್ಟು ಕೊಂದರು. ಫ್ರಾನ್ಸಿನಲ್ಲಿ 1941ರ ಸೆಪ್ಟೆಂಬರ್ 22ರ ಜರ್ಮನ್ ಪ್ರಕಟಣೆ ಸ್ಪಷ್ಟವಾಗಿತ್ತು: ಶತ್ರು ವಿಮಾನದವರಿಗೆ ನೆರವಾದ ಗಂಡಸಿಗೆ ಗುಂಡು, ಹೆಂಗಸಿಗೆ ಜರ್ಮನಿಯ ಸೆರೆಶಿಬಿರ, ಹಿಡಿದುಕೊಟ್ಟವರಿಗೆ 10,000 ಫ್ರಾಂಕ್‌ವರೆಗೆ ಬಹುಮಾನ. ಅಂದರೆ ಒಂದೇ ಮನೆಯಲ್ಲಿ ಸಿಕ್ಕಿಬಿದ್ದರೆ ವಾಯುಯೋಧ ಯುದ್ಧಕೈದಿಯಾಗುತ್ತಿದ್ದ, ಮನೆಯೊಡೆಯ ಸಾಯುತ್ತಿದ್ದ.

ಸಮುದ್ರದ ದಾರಿಯೂ ಒಂದಿತ್ತು. 1944ರ ಜನವರಿಯಿಂದ ಫ್ರಾನ್ಸಿನ ಬ್ರಿಟನಿ ತೀರದ ಪ್ಲೂಹಾ ಹತ್ತಿರದ ಕಡಲಂಚಿಗೆ ಇಂಗ್ಲೆಂಡಿನ ಡಾರ್ಟ್‌ಮತ್‌ನಿಂದ ಗನ್‌ಬೋಟ್ ಬರುತ್ತಿತ್ತು. ಬಿಬಿಸಿಯಲ್ಲಿ ‘ಆಲ್ಫೋನ್ಸನ ಮನೆಯವರಿಗೆಲ್ಲ ನಮಸ್ಕಾರ’ ಎಂಬ ಸಂದೇಶ ಬಂದರೆ ಆ ರಾತ್ರಿ ದೋಣಿ ಖಚಿತ. ಚಂದ್ರನಿಲ್ಲದ ರಾತ್ರಿಯೇ ಬೇಕಾಗಿದ್ದರಿಂದ ತಿಂಗಳಿಗೆ ಕೆಲವೇ ದಿನ ಸಾಧ್ಯವಿತ್ತು.

---

ದಂಡಿನದಾರಿ:

ಹೊಳೆದಾಟು ಅವರೇ, ಇಷ್ಟು ವಿವರಕ್ಕೆ ಧನ್ಯವಾದ. ಒಂದು ಅನುಮಾನ. ಬಾಗಿಲು ತಟ್ಟಿದವನು ನಿಜವಾದ ವಾಯುಯೋಧನೋ ಜರ್ಮನ್ ಗೂಢಚಾರನೋ ಎಂದು ಮನೆಯವರಿಗೆ ಹೇಗೆ ಗೊತ್ತಾಗುತ್ತಿತ್ತು?

---

ಹೊಳೆದಾಟು:

ಈ ದಾರಿಗಳು ಮುರಿದದ್ದೇ ಅಲ್ಲಿ. 1942ರ ನವೆಂಬರ್‌ನಲ್ಲಿ ಇಬ್ಬರು ಜರ್ಮನ್ನರು ಅಮೆರಿಕನ್ ವಾಯುಯೋಧರ ವೇಷದಲ್ಲಿ ಬ್ರಸೆಲ್ಸ್‌ನ ಒಂದು ಮನೆಗೆ ಹೊಕ್ಕರು. ಅದರ ಬೆನ್ನಿಗೇ ಬಂಧನಗಳ ಸರಮಾಲೆ. ಆಮೇಲೆ ಪ್ರಶ್ನೆ ಕೇಳುವುದು ಬಿಗಿಯಾಯಿತು: ನೆಲೆ ಯಾವುದು, ವಿಮಾನದಲ್ಲಿ ಇನ್ಯಾರಿದ್ದರು, ಊಟದ ಮನೆಯಲ್ಲಿ ಏನಕ್ಕೆ ಏನು ಹೆಸರು, ಹೀಗೆ ಹುಡುಗರ ಆಡುಮಾತು ಗೊತ್ತಿದ್ದವರು ವಿಚಾರಿಸುತ್ತಿದ್ದರು. ಉತ್ತರ ಸರಿಹೋಗದಿದ್ದರೆ ಮುಂದಿನ ಮನೆಗೆ ಕಳಿಸುತ್ತಿರಲಿಲ್ಲ. ವಿಚಾರಣೆ ಮುಗಿಯುವವರೆಗೆ ಮುಂದಿನ ಕೊಂಡಿಯ ಹೆಸರು ಅವನ ಕಿವಿಗೆ ಬೀಳಬಾರದು ಎಂಬುದು ನಿಯಮ. ಅದನ್ನು ಮೀರಿದ ಕಡೆಯಲ್ಲೆಲ್ಲ ನಷ್ಟವಾಯಿತು.

ಆದರೆ ದೊಡ್ಡ ಹಾನಿ ಮಾಡಿದವರು ವೇಷಧಾರಿ ಪೈಲಟ್‌ಗಳಲ್ಲ. ದಾರಿತೋರುವವರಂತೆ ಒಳಬಂದ ದ್ರೋಹಿಗಳು. ಬ್ರಿಟಿಷ್ ಸೈನ್ಯದ ಹೆರಾಲ್ಡ್ ಕೋಲ್ ಪ್ಯಾಟ್ ಲೈನ್ ಎಂಬ ಇನ್ನೊಂದು ದಾರಿಯವರನ್ನು ಹಿಡಿದುಕೊಟ್ಟ. ಬೆಲ್ಜಿಯಂ ಮೂಲದ ಜಾಕ್ ದೆಸೂಬ್ರಿ ‘ಜಾನ್ ಮಾಸನ್’ ಎಂಬ ಹೆಸರಲ್ಲಿ ಕಾಮೆಟ್‌ನ ಒಳಹೊಕ್ಕು ನಂಬಿಕೆ ಗಳಿಸಲು ಮೊದಲು ಕೆಲವರನ್ನು ಸರಿಯಾಗಿಯೇ ತಲುಪಿಸಿದ. ಆಮೇಲೆ ಇಡೀ ಪ್ಯಾರಿಸ್ ಕೊಂಡಿಯನ್ನೇ ಜರ್ಮನಿಯ ರಹಸ್ಯ ಪೊಲೀಸ್ ಗೆಸ್ಟಪೊಗೆ ಒಪ್ಪಿಸಿದ. 1949ರಲ್ಲಿ ಅವನಿಗೆ ಮರಣದಂಡನೆಯಾಯಿತು.

---

ಕರಾರುಪತ್ರ ಉತ್ತರ:

ಕೊನೆಯ ಪ್ರಶ್ನೆಗೆ ಬರುತ್ತೇನೆ: ಒಪ್ಪಂದದ ರಕ್ಷಣೆಯೋ, ಬೀದಿಯ ಕೊಲೆಯೋ? ಎರಡೂ ನಿಜ. ಯಾರು ಮೊದಲು ಹಿಡಿದರು, ಯಾವ ವರ್ಷ, ಮೈಮೇಲೆ ಯಾವ ಬಟ್ಟೆ, ಈ ಮೂರರ ಮೇಲೆ ನಿಂತಿತ್ತು.

ಕಾನೂನು ಮೊದಲು. ಆಗ ಜಾರಿಯಲ್ಲಿದ್ದದ್ದು 1929ರ ಜಿನೀವಾ ಒಪ್ಪಂದ. 2ನೇ ವಿಧಿ ಕೈದಿಯನ್ನು ಹಿಂಸೆ, ಅವಮಾನ, ಜನರ ಕುತೂಹಲದಿಂದ ಕಾಪಾಡಬೇಕು ಎನ್ನುತ್ತದೆ. 5ನೇ ವಿಧಿ ಪ್ರಕಾರ ಹೆಸರು ಮತ್ತು ದರ್ಜೆ, ಇಲ್ಲವೇ ಸೇನಾ ಸಂಖ್ಯೆ ಬಿಟ್ಟು ಬೇರೇನೂ ಹೇಳಬೇಕಿಲ್ಲ. ತಪ್ಪಿಸಿಕೊಂಡು ಮತ್ತೆ ಸಿಕ್ಕರೆ ಶಿಸ್ತಿನ ಶಿಕ್ಷೆ ಮಾತ್ರ, ಗರಿಷ್ಠ 30 ದಿನ. ಅದಕ್ಕೇ ನಾಗರಿಕ ಉಡುಪು ತೊಟ್ಟರೂ ಕುತ್ತಿಗೆಯ ಗುರುತುಬಿಲ್ಲೆ ಎಸೆಯಬೇಡಿ ಎಂದು ಪಾಠ ಹೇಳುತ್ತಿದ್ದರು. ಬಿಲ್ಲೆ ಇಲ್ಲದವನು ಗೂಢಚಾರ ಎಂದು ಗುಂಡಿಗೆ ಗುರಿಯಾಗಬಹುದಿತ್ತು.

ಜರ್ಮನ್ ವಾಯುಸೇನೆಯ ಕೈಗೆ ಸಿಕ್ಕರೆ ಮಾಮೂಲಿ ದಾರಿ ಫ್ರಾಂಕ್‌ಫರ್ಟ್ ಬಳಿಯ ಓಬರ್‌ಉರ್ಸೆಲ್‌ನ ಡುಲಾಗ್ ಲುಫ್ಟ್ ವಿಚಾರಣಾ ಶಿಬಿರ. ಒಂಟಿ ಕೋಣೆ. ಮೊದಲು ರೆಡ್‌ಕ್ರಾಸ್ ಹೆಸರಿನ ನಕಲಿ ಅರ್ಜಿ: ಮನೆಯವರಿಗೆ ಸುದ್ದಿ ತಿಳಿಸುತ್ತೇವೆ, ತುಂಬಿ ಅಂತ. ಮೇಲಿನ ಸಾಲುಗಳು ಹೆಸರು, ವಿಳಾಸ. ಕೆಳಗೆ ಬರುತ್ತಾ ಸ್ಕ್ವಾಡ್ರನ್, ನೆಲೆ, ವಿಮಾನದ ಮಾದರಿ. ತುಂಬದಿದ್ದರೆ ಕೋಣೆಯ ಹೀಟರ್ ಏರಿಸುವುದೂ ಇತ್ತು. ಯುದ್ಧಾನಂತರ ವುಪ್ಪರ್ಟಾಲ್‌ನಲ್ಲಿ ಬ್ರಿಟಿಷ್ ಸೇನಾ ನ್ಯಾಯಾಲಯ ಶಿಬಿರದ ಮುಖ್ಯಸ್ಥ ಎರಿಕ್ ಕಿಲ್ಲಿಂಗರ್‌ಗೆ ಶಿಕ್ಷೆ ಕೊಟ್ಟದ್ದರಲ್ಲಿ ಇದೂ ಸೇರಿತ್ತು.

ಆದರೆ ಹೆಚ್ಚು ಫಲ ಕೊಟ್ಟದ್ದು ಒತ್ತಡವಲ್ಲ, ಮೃದುಮಾತು. ಹಾನ್ಸ್ ಶಾರ್ಫ್ ಎಂಬ ವಿಚಾರಣಾಧಿಕಾರಿ ಅಮೆರಿಕನ್ ಫೈಟರ್ ಪೈಲಟ್‌ಗಳೊಂದಿಗೆ ಕಾಡಿನಲ್ಲಿ ಸುತ್ತಾಡುತ್ತಾ ಮಾತಾಡುತ್ತಿದ್ದ, ಎಲ್ಲ ಮೊದಲೇ ಗೊತ್ತಿದೆ ಎಂಬಂತೆ. ಅಮೆರಿಕನ್ನರ ಬೆಳಕುಗುಂಡುಗಳು (ಹಾರುವ ದಾರಿ ಕಾಣುವಂತೆ ಗೆರೆ ಬಿಡುವ ಗುಂಡುಗಳು) ಕೆಂಪಿನ ಬದಲು ಬಿಳಿ ಯಾಕಾದವು ಎಂದು ತಿಳಿಯಬೇಕಾಗಿತ್ತು. ನಿಮ್ಮಲ್ಲಿ ರಾಸಾಯನಿಕದ ಕೊರತೆಯಂತೆ ಎಂದು ಸುಮ್ಮನೆ ಹೇಳಿದ. ಪೈಲಟ್ ತಿದ್ದಿದ: ಇಲ್ಲ, ಗುಂಡು ಮುಗಿಯುತ್ತಾ ಬಂದಿದೆ ಎಂದು ಗೊತ್ತಾಗಲಿ ಅಂತ ಬಣ್ಣ ಬದಲಾಗುತ್ತದೆ. ಶತ್ರುವಿನ ತಪ್ಪನ್ನು ತಿದ್ದಲು ಹೋಗಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಅಲ್ಲಿಂದ ವಾಯುಸೇನೆ ನಡೆಸುತ್ತಿದ್ದ ಶಿಬಿರಗಳಿಗೆ. ಸುರಂಗಗಳ ಕಥೆ ಬೇಡ ಎಂದಿದ್ದೀರಿ, ಆದರೆ ಒಂದು ಲೆಕ್ಕ ಕಾನೂನಿಗೆ ಸಂಬಂಧಿಸಿದ್ದು: ಅವುಗಳಲ್ಲಿ ಒಂದಾದ ಸಾಗನ್ ಶಿಬಿರದಿಂದ 1944ರ ಮಾರ್ಚ್ 24ರ ರಾತ್ರಿ 76 ಮಂದಿ ಹೊರಬಿದ್ದರು, 73 ಮಂದಿ ಮತ್ತೆ ಸಿಕ್ಕರು, ಹಿಟ್ಲರನ ಆಜ್ಞೆಯಂತೆ 50 ಮಂದಿಯನ್ನು ಗೆಸ್ಟಪೊ ಕೊಂದಿತು. ಗರಿಷ್ಠ 30 ದಿನ ಎಂದಿದ್ದ ಕಡೆ.

ಇನ್ನು ಬೀದಿ. 1944ರ ಮೇ 30ರಂದು ಹಿಟ್ಲರನ ಆಪ್ತ ಬೋರ್ಮನ್ ನಾಜಿ ಪಕ್ಷದ ಮುಖಂಡರಿಗೆ ಸುತ್ತೋಲೆ ಕಳಿಸಿದ: ಜನರು ವಾಯುಯೋಧರನ್ನು ಕೊಂದರೆ ಪೊಲೀಸರು ಮೊಕದ್ದಮೆ ಹೂಡಿಲ್ಲ ಎಂಬ ಧಾಟಿಯಲ್ಲಿ. ಉಳಿದದ್ದನ್ನು ಎಲ್ಲರೂ ಅರ್ಥಮಾಡಿಕೊಂಡರು. ಆ ಆಗಸ್ಟ್ 4ರಂದು ಬೋರ್ಕುಮ್ ದ್ವೀಪದಲ್ಲಿ ಒಂದು ಬಿ-17ರ ಏಳು ಅಮೆರಿಕನ್ನರನ್ನು ಬೀದಿಯಲ್ಲಿ ಮೆರವಣಿಗೆ ಮಾಡಿ ಕೊಂದರು. ಆಗಸ್ಟ್ 26ರಂದು ರುಸೆಲ್ಸ್‌ಹೈಮ್ ಊರಿನಲ್ಲಿ, ಹಿಂದಿನ ರಾತ್ರಿ ಬ್ರಿಟಿಷ್ ವಿಮಾನಗಳು ಬಾಂಬು ಸುರಿದಿದ್ದವು, ಮುರಿದ ಹಳಿಯಿಂದಾಗಿ ರೈಲು ಇಳಿಸಿ ನಡೆಸಿಕೊಂಡು ಹೋಗುತ್ತಿದ್ದ ಎಂಟು ಅಮೆರಿಕನ್ನರ ಮೇಲೆ ಜನ ಬಿದ್ದರು. ಆ ದಾಳಿಗೂ ಇವರಿಗೂ ಸಂಬಂಧವೇ ಇರಲಿಲ್ಲ. ಆರು ಜನ ಸತ್ತರು. ಇಬ್ಬರು ಸತ್ತಂತೆ ಬಿದ್ದಿದ್ದು ಉಳಿದುಕೊಂಡರು. ಇಂಥ ಕಡೆ ಎಷ್ಟೋ ಸಲ ಕಾಪಾಡಿದವರು ಜರ್ಮನ್ ಸೈನಿಕರೇ. ಬಂದೂಕು ತೋರಿಸಿ ಜನರನ್ನು ಹಿಂದೆ ತಳ್ಳಿ ಕೈದಿಯನ್ನು ಲಾರಿಗೆ ಹತ್ತಿಸಿದ್ದಾರೆ. ಬಾಂಬು ಬಿದ್ದ ಊರಿನ ಹತ್ತಿರ ಇಳಿದವನು ಸಮವಸ್ತ್ರದ ಸೈನಿಕನನ್ನು ಹುಡುಕಿ ಶರಣಾಗುವುದೇ ಬದುಕುವ ದಾರಿಯಾಗಿತ್ತು.

ಮೂರನೆಯದು ಬಟ್ಟೆ. ಪ್ಯಾರಿಸ್‌ನಲ್ಲಿ ನಾಗರಿಕ ಉಡುಪಿನಲ್ಲಿ ಸಿಕ್ಕವರನ್ನು, ಅವರಲ್ಲಿ ಹಲವರು ಹೊಳೆದಾಟು ಅವರು ಹೇಳಿದ ದೆಸೂಬ್ರಿಯ ಬಲೆಗೆ ಬಿದ್ದವರು, ಗೆಸ್ಟಪೊ ಫ್ರೆನ್ ಜೈಲಿಗೆ ಹಾಕಿತು. 1944ರ ಆಗಸ್ಟ್ 15ರಂದು ದನದ ರೈಲುಡಬ್ಬಿಗಳಲ್ಲಿ ತುಂಬಿ, ಒಟ್ಟು 168 ವಾಯುಯೋಧರನ್ನು ಬುಕೆನ್‌ವಾಲ್ಡ್ ಸೆರೆಶಿಬಿರಕ್ಕೆ ಸಾಗಿಸಿದರು. ಹಿರಿಯ ಅಧಿಕಾರಿ ನ್ಯೂಜಿಲೆಂಡಿನ ಫಿಲ್ ಲಾಮಸನ್. ಶಿಸ್ತು ಕಾಯ್ದುಕೊಂಡು, ಸುದ್ದಿಯನ್ನು ಗುಟ್ಟಾಗಿ ಜರ್ಮನ್ ವಾಯುಸೇನೆಗೆ ಮುಟ್ಟಿಸಿದರು. ಅಕ್ಟೋಬರ್ 19ರಂದು ವಾಯುಸೇನೆ 156 ಮಂದಿಯನ್ನು ಸಾಗನ್‌ಗೆ ಒಯ್ದಿತು. ಇಬ್ಬರು ಬುಕೆನ್‌ವಾಲ್ಡ್‌ನಲ್ಲೇ ತೀರಿಕೊಂಡಿದ್ದರು.

---

ಮಡಿಕೇರಿ_ಓದುಗ ಉತ್ತರ:

ಯೂರೋಪಿನ ಮಾತು ನಡೆಯುತ್ತಿದೆ, ಆದರೆ ನಮ್ಮವರ ಎರಡು ಪ್ರಕರಣ ಇಲ್ಲಿ ಸೇರಲೇಬೇಕು.

1965ರ ಸೆಪ್ಟೆಂಬರ್ 22, ಕದನ ವಿರಾಮದ ಹೊಸ್ತಿಲಲ್ಲಿ, 20ನೇ ಸ್ಕ್ವಾಡ್ರನ್‌ನ ಹಂಟರ್ ವಿಮಾನ ಹಾರಿಸುತ್ತಿದ್ದ ಕೊಡಗಿನ ಕೆ. ಸಿ. ಕಾರ್ಯಪ್ಪ ನೆಲದ ಗುಂಡಿಗೆ ಸಿಕ್ಕು ಪಾಕಿಸ್ತಾನದ ಕಡೆ ಇಳಿದರು, ಬೆನ್ನಿಗೆ ಪೆಟ್ಟಾಯಿತು. ತಂದೆ ಕೆ. ಎಂ. ಕಾರ್ಯಪ್ಪ, ಅವಿಭಜಿತ ಸೇನೆಯ ದಿನಗಳಿಂದ ಪಾಕಿಸ್ತಾನದ ಆಗಿನ ಅಧ್ಯಕ್ಷ ಅಯೂಬ್ ಖಾನ್‌ಗೆ ಪರಿಚಿತರು. ಬಿಡುಗಡೆಯ ಮಾತು ಬಂದಾಗ ಅಲ್ಲಿರುವ ಕೈದಿಗಳೆಲ್ಲ ನನ್ನ ಮಕ್ಕಳೇ, ಬಿಡುವುದಾದರೆ ಎಲ್ಲರನ್ನೂ ಬಿಡಿ ಎಂದರು. ಮಗ ಉಳಿದವರ ಜೊತೆಗೇ 1966ರಲ್ಲಿ ಮರಳಿದರು, ಮುಂದೆ ಏರ್ ಮಾರ್ಷಲ್ ಆದರು.

ಎರಡನೆಯದು ತಪ್ಪಿಸಿಕೊಂಡದ್ದು. 1971ರ ಯುದ್ಧದಲ್ಲಿ ಸೆರೆಯಾಗಿ ರಾವಲ್ಪಿಂಡಿ ಶಿಬಿರದಲ್ಲಿದ್ದ ನಮ್ಮ ಪೈಲಟ್‌ಗಳಾದ ದಿಲೀಪ್ ಪಾರುಲ್ಕರ್, ಎಂ. ಎಸ್. ಗ್ರೇವಾಲ್, ಹರೀಶ್ ಸಿನ್ಹ್‌ಜಿ 1972ರ ಆಗಸ್ಟ್ 13ರ ನಸುಕಿನಲ್ಲಿ ಇಟ್ಟಿಗೆ ಗೋಡೆ ಕೊರೆದು ಹೊರಬಂದರು. ಪೂರ್ವದ ಗಡಿಯಲ್ಲಿ ಸೇನೆ ತುಂಬಿತ್ತು, ಆದ್ದರಿಂದ ಪಶ್ಚಿಮಕ್ಕೆ ಅಫ್ಘಾನಿಸ್ತಾನದ ಕಡೆ ಹೊರಟರು. ಪೇಶಾವರ, ಜಮ್ರೂದ್, ಲಂಡಿ ಕೋಟಲ್‌ವರೆಗೆ ಬಸ್ಸು, ಟಾಂಗಾ ಹತ್ತಿ ಒಂದೇ ದಿನದಲ್ಲಿ ತಲುಪಿದರು. ಗಡಿ ಕೆಲವೇ ಕಿಲೋಮೀಟರ್ ಉಳಿದಿತ್ತು. ಅಲ್ಲಿ ಲಂಡಿ ಖಾನಾ ರೈಲು ನಿಲ್ದಾಣಕ್ಕೆ ದಾರಿ ಕೇಳಿದ್ದೇ ಮುಳುವಾಯಿತು.

---

ನಕ್ಷೆಗಾರ:

ಅದಕ್ಕೆ ಕಾರಣ ಅವರು ನೆಚ್ಚಿದ್ದ ಹಳೆಯ ನಕ್ಷೆ. ಲಂಡಿ ಕೋಟಲ್‌ನಿಂದ ಲಂಡಿ ಖಾನಾ ತನಕದ ರೈಲು 1926ರಲ್ಲಿ ಶುರುವಾಗಿ 1932ರಲ್ಲೇ ನಿಂತುಹೋಗಿತ್ತು. 40 ವರ್ಷದ ಹಿಂದೆ ಮುಚ್ಚಿದ ನಿಲ್ದಾಣವನ್ನು ಕೇಳುವವನು ಊರಿನವನಲ್ಲ ಎಂದು ತಿಳಿಯಲು ಹೆಚ್ಚು ಬುದ್ಧಿ ಬೇಕಿಲ್ಲ. ಆಗ ಅದೇ ದಾರಿಯಲ್ಲಿ ಬಂಗಾಳಿಗಳು ಅಫ್ಘಾನಿಸ್ತಾನಕ್ಕೆ ಓಡಿಹೋಗುತ್ತಿದ್ದರು. ಇವರೂ ಬಂಗಾಳಿಗಳೇ ಇರಬೇಕೆಂದು ಜನ ಹಿಡಿದರು. ಪರಿಸ್ಥಿತಿ ಕೈಮೀರುವ ಮುಂಚೆ ಪಾರುಲ್ಕರ್, ಹಿಂದೆ ಶಿಬಿರದ ಮುಖ್ಯಸ್ಥರಾಗಿದ್ದ ಪಾಕಿಸ್ತಾನದ ವಾಯುಸೇನಾ ಅಧಿಕಾರಿಗೆ ಫೋನ್ ಮಾಡಿಸಿದರು. ತಾವು ಯುದ್ಧಕೈದಿಗಳು ಎಂಬುದು ದಾಖಲಾಯಿತು, ಜೀವ ಉಳಿಯಿತು. 1972ರ ಡಿಸೆಂಬರ್ 1ರಂದು ವಾಘಾ ಮೂಲಕ ಮರಳಿದರು.

---

ಕರಾರುಪತ್ರ:

ಆ ಫೋನ್ ಕರೆಯೇ ಅವರು ಮಾಡಿದ ಅತ್ಯಂತ ಸರಿಯಾದ ಕೆಲಸ. 1949ರ ಮೂರನೇ ಜಿನೀವಾ ಒಪ್ಪಂದದ 92, 93ನೇ ವಿಧಿಗಳ ಪ್ರಕಾರ ತಪ್ಪಿಸಿಕೊಳ್ಳಲು ಯತ್ನಿಸಿ ಸಿಕ್ಕವನಿಗೆ ಶಿಸ್ತಿನ ಶಿಕ್ಷೆ ಮಾತ್ರ. ಅದಕ್ಕಾಗಿ ನಾಗರಿಕ ಉಡುಪು ತೊಟ್ಟರೂ, ನಕಲಿ ಕಾಗದ ಇಟ್ಟುಕೊಂಡರೂ ಅಷ್ಟೇ. ಆದರೆ ಅದು ಅನ್ವಯವಾಗಬೇಕಾದರೆ ಇವನು ಯುದ್ಧಕೈದಿ ಎಂದು ಸರ್ಕಾರದ ಯಾರಿಗಾದರೂ ಗೊತ್ತಾಗಬೇಕು.

2019ರ ಫೆಬ್ರವರಿ 27ರಂದು ಅಭಿನಂದನ್ ವರ್ಧಮಾನ್ ಇಳಿದಾಗಲೂ ಅಪಾಯ ಇದ್ದದ್ದು ಸುತ್ತುವರಿದ ಜನರಿಂದ. ಗಾಳಿಯಲ್ಲಿ ಗುಂಡು ಹಾರಿಸಿ, ಓಡಿ, ಕೊಳಕ್ಕೆ ಜಿಗಿದು ಕಾಗದಗಳನ್ನು ನಾಶಮಾಡಲು ನೋಡಿದರು. ಪಾಕಿಸ್ತಾನದ ಸೈನಿಕರು ಬಂದು ಎಳೆದುಕೊಂಡ ಮೇಲೆಯೇ ಹೊಡೆತ ನಿಂತದ್ದು. ಮಾರ್ಚ್ 1ರಂದು ವಾಪಸ್ ಬಂದರು.

ದಂಡಿನದಾರಿ ಅವರು ಕೇಳದಿದ್ದರೂ ಒಂದು ಮಾತು ಸೇರಿಸುತ್ತೇನೆ. ಪ್ಯಾರಾಶೂಟ್‌ನಲ್ಲಿ ಇಳಿಯುತ್ತಿರುವವನಿಗೆ ಗಾಳಿಯಲ್ಲೇ ಗುಂಡು ಹೊಡೆಯಬಾರದು ಎಂಬುದು ವಾಯುಯುದ್ಧದ ನಿಯಮಗಳ 1923ರ ಹೇಗ್ ಕರಡಿನ 20ನೇ ವಿಧಿಯಲ್ಲಿತ್ತು, ಆ ಕರಡನ್ನು ಯಾವ ದೇಶವೂ ಒಪ್ಪಂದವಾಗಿ ಅಂಗೀಕರಿಸಲಿಲ್ಲ. ಕೊನೆಗೆ ಅದು ಸೇರಿದ್ದು ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಮೊದಲ ಹೆಚ್ಚುವರಿ ಪ್ರೋಟೊಕಾಲ್‌ನ 42ನೇ ವಿಧಿಗೆ: ಆಪತ್ತಿನ ವಿಮಾನದಿಂದ ಜಿಗಿದವನ ಮೇಲೆ ಇಳಿಯುವಾಗ ದಾಳಿ ಕೂಡದು, ಶತ್ರು ನೆಲ ಮುಟ್ಟಿದ ಮೇಲೆ ಶರಣಾಗಲು ಅವಕಾಶ ಕೊಡಬೇಕು. ವಿಮಾನದಿಂದ ಇಳಿಸುವ ಛತ್ರಿದಳದ ಸೈನಿಕರಿಗೆ ಇದು ಅನ್ವಯಿಸುವುದಿಲ್ಲ. ಭಾರತವೂ ಪಾಕಿಸ್ತಾನವೂ ಈ ಪ್ರೋಟೊಕಾಲನ್ನು ಸ್ಥಿರೀಕರಿಸಿಲ್ಲ. ಆದ್ದರಿಂದ ನಮ್ಮ ಗಡಿಯಲ್ಲಿ ಲಿಖಿತ ಆಧಾರವೆಂದು ಹಿಡಿಯಬೇಕಾದ್ದು 1949ರ ಒಪ್ಪಂದವನ್ನೇ.